ಗಣಕದ ಕಿಟಕಿ ಮತ್ತು ಕಾದಿರುವ ಕ್ರಮವಿಧಿ

ಗಣಕಯಂತ್ರವನ್ನು ಬಳಸಿದವರೆಲ್ಲರೂ ಅದರ ತೆರೆಯ ಮೇಲೆ ಮೂಡುವ ಕಿಟಕಿಗಳನ್ನು ಕಂಡಿದ್ದಾರೆ. ಒಂದು ಚೌಕಟ್ಟು, ಅದರೊಳಗೆ ಒಂದಷ್ಟು ಬರಹ, ಅಕ್ಷರಗಳನ್ನು ತುಂಬುವುದಕ್ಕೆ ಖಾಲಿ ಜಾಗ, ಒತ್ತುವುದಕ್ಕೆ ಗುಂಡಿಗಳು, ಮೂಲೆಯಲ್ಲಿ ಕಿಟಕಿಯನ್ನು ಮುಚ್ಚುವ ಗುರುತು: ಇವೆಲ್ಲ ಇಂದು ನಮಗೆ ಬಾಗಿಲು ಬೀಗಗಳಷ್ಟೇ ಪರಿಚಿತವಾಗಿವೆ. ಬ್ಯಾಂಕಿನ ಗುಮಾಸ್ತರು ಲೆಕ್ಕ ಬರೆಯುವುದೂ, ಆಸ್ಪತ್ರೆಯಲ್ಲಿ ರೋಗಿಯ ಹೆಸರನ್ನು ದಾಖಲು ಮಾಡುವುದೂ, ವಿದ್ಯಾರ್ಥಿಯು ಪ್ರಬಂಧವನ್ನು ತಿದ್ದುವುದೂ ಇಂಥ ಕಿಟಕಿಗಳ ಮೂಲಕವೇ. ನೋಡುವುದಕ್ಕೆ ಇಷ್ಟು ಸರಳವಾದ ಈ ಕಿಟಕಿಯನ್ನು ತಾನೇ ರಚಿಸಬೇಕೆಂದು ಹೊರಟ ಹೊಸಬನಿಗೆ ಮಾತ್ರ ಮೊದಲ ದಿನಗಳಲ್ಲಿ ವಿಚಿತ್ರವಾದ ತೊಡಕುಗಳು ಎದುರಾಗುತ್ತವೆ.

ಗಣಕಕ್ಕೆ ಕೊಡುವ ಆಜ್ಞೆಗಳ ಮಾಲೆಗೆ ಪ್ರೋಗ್ರಾಂ ಅಥವಾ ಕ್ರಮವಿಧಿ ಎಂದು ಹೆಸರು. ನಮ್ಮ ಕಾಲೇಜುಗಳಲ್ಲಿ ವಿದ್ಯಾರ್ಥಿಗಳು ಮೊದಲು ಕಲಿಯುವ ಕ್ರಮವಿಧಿಗಳು ನೇರವಾದವು. ಒಂದು ಸಂಖ್ಯೆಯನ್ನು ಕೇಳು, ಲೆಕ್ಕ ಮಾಡು, ಉತ್ತರವನ್ನು ಮುದ್ರಿಸು, ಮುಗಿಸು. ಇಂಥವನ್ನು ತಪ್ಪಿಲ್ಲದೆ ಬರೆಯಬಲ್ಲ ಚುರುಕು ವಿದ್ಯಾರ್ಥಿಯೂ ಕಿಟಕಿಯ ರಚನೆಗೆ ಕೈ ಹಾಕಿದೊಡನೆ ತಡವರಿಸುತ್ತಾನೆ. ಕಿಟಕಿ ಮೂಡಿ ಮರುಕ್ಷಣವೇ ಮಾಯವಾಗುತ್ತದೆ. ಗುಂಡಿಯನ್ನು ಒತ್ತುವ ಮೊದಲೇ ಅದರ ಕೆಲಸ ನಡೆದುಹೋಗುತ್ತದೆ. ಇಲ್ಲವೆ ಕಿಟಕಿ ಕಲ್ಲಿನಂತೆ ನಿಶ್ಚಲವಾಗಿ ನಿಂತುಬಿಡುತ್ತದೆ. ಈ ತೊಡಕುಗಳು ಬೇರೆ ಬೇರೆಯಾಗಿ ತೋರಿದರೂ ಅವುಗಳ ಮೂಲ ಒಂದೇ. ಆ ಮೂಲವನ್ನು ಗ್ರಹಿಸಿದವನಿಗೆ ಉಳಿದುದೆಲ್ಲ ಅಭ್ಯಾಸದಿಂದ ಬರತಕ್ಕದ್ದು. ಅದೇನೆಂಬುದನ್ನು ಈ ಲೇಖನದಲ್ಲಿ ವಿಚಾರ ಮಾಡೋಣ.

ಕಿಟಕಿಗಳು ಬಂದ ಬಗೆ

ಮೊದಮೊದಲಿನ ಗಣಕಗಳಲ್ಲಿ ಕಿಟಕಿಗಳಿರಲಿಲ್ಲ. ಕೆಲಸವನ್ನು ರಂಧ್ರಗಳಿದ್ದ ಕಾರ್ಡುಗಳಲ್ಲಿ ಗುರುತಿಸಿ ಯಂತ್ರಕ್ಕೆ ಒಪ್ಪಿಸಬೇಕಾಗಿತ್ತು. ಯಂತ್ರ ತನ್ನ ಪಾಡಿಗೆ ತಾನು ಲೆಕ್ಕ ಮಾಡಿ ಕಾಗದದ ಮೇಲೆ ಉತ್ತರವನ್ನು ಅಚ್ಚೊತ್ತುತ್ತಿತ್ತು. ಮಧ್ಯೆ ಮನುಷ್ಯನಿಗೆ ಮಾತನಾಡುವ ಅವಕಾಶವೇ ಇರಲಿಲ್ಲ. 1963ರಲ್ಲಿ ಅಮೆರಿಕದ ಮಸಾಚುಸೆಟ್ಸ್ ತಂತ್ರವಿದ್ಯಾಸಂಸ್ಥೆಯಲ್ಲಿ ಐವಾನ್ ಸದರ್ಲೆಂಡ್ ಎಂಬ ತರುಣ ಸಂಶೋಧಕರು ‘ಸ್ಕೆಚ್‌ಪ್ಯಾಡ್’ ಎಂಬ ಕ್ರಮವಿಧಿಯನ್ನು ರಚಿಸಿದರು. ಬೆಳಕಿನ ಲೇಖನಿಯೊಂದನ್ನು ತೆರೆಗೆ ಹಿಡಿದು ಗೆರೆಗಳನ್ನು ಎಳೆಯಲು, ಎಳೆದುದನ್ನು ಆಗಲೇ ತಿದ್ದಲು ಅದರಿಂದ ಸಾಧ್ಯವಾಯಿತು. 1968ರ ಡಿಸೆಂಬರ್ 9ರಂದು ಸಾನ್‌ಫ್ರಾನ್ಸಿಸ್ಕೋ ನಗರದಲ್ಲಿ ಡಗ್ಲಸ್ ಎಂಗೆಲ್‌ಬಾರ್ಟ್ ಅವರು ತಮ್ಮ ತಂಡ ನಿರ್ಮಿಸಿದ್ದ ಮೌಸ್ ಎಂಬ ಸಾಧನವನ್ನು ಬಹಿರಂಗವಾಗಿ ಬಳಸಿ ತೋರಿಸಿದರು.

ಈ ವಿಚಾರಗಳನ್ನು ಕೂಡಿಸಿ 1973ರಲ್ಲಿ ಜೆರಾಕ್ಸ್ ಕಂಪನಿಯ ಪಾಲೋ ಆಲ್ಟೋ ಸಂಶೋಧನಾ ಕೇಂದ್ರದವರು ‘ಆಲ್ಟೋ’ ಎಂಬ ಗಣಕವನ್ನು ರೂಪಿಸಿದರು. ಒಂದೇ ತೆರೆಯ ಮೇಲೆ ಹಲವು ಕಿಟಕಿಗಳು ಇರಬಹುದೆಂಬ ಏರ್ಪಾಡು ಅಲ್ಲಿ ಬೆಳೆಯಿತು. 1984ರಲ್ಲಿ ಆಪಲ್ ಕಂಪನಿಯ ಮ್ಯಾಕಿಂಟಾಷ್, 1985ರಲ್ಲಿ ಮೈಕ್ರೋಸಾಫ್ಟ್ ಕಂಪನಿಯ ವಿಂಡೋಸ್ ಹೊರಬಂದ ಮೇಲೆ ಈ ಏರ್ಪಾಡು ಮನೆ ಮನೆಗೂ ತಲುಪಲು ದಾರಿಯಾಯಿತು.

ಈ ಇತಿಹಾಸದಲ್ಲಿ ನಾವು ಗಮನಿಸಬೇಕಾದುದು ಯಂತ್ರಗಳ ಹೆಸರನ್ನಲ್ಲ. ಕಾರ್ಡುಗಳ ಕಾಲದಲ್ಲಿ ಯಾವ ಕೆಲಸದ ಮುಂದೆ ಯಾವ ಕೆಲಸ ಎಂಬುದನ್ನು ಕ್ರಮವಿಧಿಯೇ ನಿರ್ಧರಿಸುತ್ತಿತ್ತು. ಕಿಟಕಿ, ಮೌಸುಗಳ ಕಾಲದಲ್ಲಿ ಆ ಅಧಿಕಾರ ತೆರೆಯ ಮುಂದೆ ಕುಳಿತ ಮನುಷ್ಯನ ಕೈಗೆ ಬಂದಿತು. ಮುಖ್ಯವಾದ ಬದಲಾವಣೆ ಇದೇ.

ಪುರೋಹಿತ ಮತ್ತು ಅಂಗಡಿಕಾರ

ಇದನ್ನು ಒಂದು ದೃಷ್ಟಾಂತದಿಂದ ಸ್ಪಷ್ಟಪಡಿಸಬಹುದು. ಮದುವೆ ಮಾಡಿಸುವ ಪುರೋಹಿತರನ್ನು ನೋಡಿ. ಸಂಕಲ್ಪವಾದ ಮೇಲೆ ಗಣಪತಿ ಪೂಜೆ, ಕನ್ಯಾದಾನವಾದ ಮೇಲೆ ಮಾಂಗಲ್ಯಧಾರಣೆ, ಆಮೇಲೆ ಸಪ್ತಪದಿ: ಹೀಗೆ ಅವರು ಗೊತ್ತಾದ ಕ್ರಮದಲ್ಲಿ ಒಂದೊಂದೇ ಕಾರ್ಯವನ್ನು ನಡೆಸಿಕೊಂಡು ಹೋಗುತ್ತಾರೆ. ವಧೂವರರು ಅವರು ಹೇಳಿದಾಗ ಹೇಳಿದ್ದನ್ನು ಮಾಡಿದರೆ ಸಾಕು. ನೇರವಾದ ಕ್ರಮವಿಧಿಯ ಸ್ವಭಾವ ಹೀಗೆಯೇ. ಅದು ‘ಸಂಖ್ಯೆಯನ್ನು ಕೊಡು’ ಎಂದಾಗ ನಾವು ಸಂಖ್ಯೆಯನ್ನು ಕೊಡುತ್ತೇವೆ. ಅದಕ್ಕೆ ಮೊದಲೂ ಇಲ್ಲ, ಆಮೇಲೂ ಇಲ್ಲ.

ಇನ್ನು ಊರಿನ ಕಿರಾಣಿ ಅಂಗಡಿಯ ಯಜಮಾನರನ್ನು ನೋಡಿ. ಬೆಳಗ್ಗೆ ಬಾಗಿಲು ತೆರೆದು ಸಾಮಾನುಗಳನ್ನು ಒಪ್ಪವಾಗಿ ಇಟ್ಟು ಅವರು ಕುಳಿತುಕೊಳ್ಳುತ್ತಾರೆ. ಮೊದಲು ಸಕ್ಕರೆ ಕೊಳ್ಳುವವರು ಬರುತ್ತಾರೋ ಬೆಂಕಿಪೊಟ್ಟಣ ಕೇಳುವವರು ಬರುತ್ತಾರೋ ಅವರಿಗೆ ತಿಳಿಯದು. ಆದರೆ ಸಕ್ಕರೆ ಕೇಳಿದರೆ ಏನು ಮಾಡಬೇಕು, ಸಾಲ ಕೇಳಿದರೆ ಏನು ಹೇಳಬೇಕು ಎಂಬುದು ಅವರಿಗೆ ಮೊದಲೇ ಗೊತ್ತಿದೆ. ಗಿರಾಕಿ ಬಂದಾಗ ಎದ್ದು ಕೆಲಸ ಮುಗಿಸಿ ಮತ್ತೆ ಗಲ್ಲಾದ ಬಳಿ ಬಂದು ಕೂರುತ್ತಾರೆ. ಕಿಟಕಿಯ ಕ್ರಮವಿಧಿ ಈ ಅಂಗಡಿಕಾರನಂತೆ ಇರತಕ್ಕದ್ದು. ಅದನ್ನು ಬರೆಯುವವನು ಕೆಲಸಗಳ ಅನುಕ್ರಮವನ್ನು ಬರೆಯುವುದಿಲ್ಲ. ‘ಇಂಥದ್ದು ಸಂಭವಿಸಿದರೆ ಇಂಥದ್ದನ್ನು ಮಾಡು’ ಎಂಬ ಉತ್ತರಗಳನ್ನು ಸಿದ್ಧಪಡಿಸಿಟ್ಟು, ಕಾದಿರುವಂತೆ ಕ್ರಮವಿಧಿಗೆ ಅಪ್ಪಣೆ ಕೊಡುತ್ತಾನೆ.

ಹೊಸಬನ ತೊಡಕುಗಳೆಲ್ಲ ಹುಟ್ಟುವುದು ಅಂಗಡಿಕಾರನ ಕೈಯಲ್ಲಿ ಪೌರೋಹಿತ್ಯ ಮಾಡಿಸಲು ಹೊರಡುವುದರಿಂದ. ಇದು ಹೇಗೆಂಬುದನ್ನು ಮುಂದೆ ಒಂದೊಂದಾಗಿ ನೋಡೋಣ.

ಕಾದಿರುವ ಸುತ್ತು

ಗುಂಡಿಯನ್ನು ಒತ್ತುವುದು, ಕೀಲಿಯನ್ನು ಬಡಿಯುವುದು, ಮೌಸನ್ನು ಸರಿಸುವುದು, ಕಿಟಕಿಯನ್ನು ಹಿಗ್ಗಿಸುವುದು, ಗೊತ್ತುಪಡಿಸಿದ ಸಮಯ ಕಳೆಯುವುದು: ಇವುಗಳಲ್ಲಿ ಪ್ರತಿಯೊಂದಕ್ಕೂ ‘ಘಟನೆ’ ಎಂದು ಹೆಸರು. ಘಟನೆಯೊಂದು ನಡೆದಾಗ ಗಣಕದ ಕಾರ್ಯಾಚರಣ ವ್ಯವಸ್ಥೆಯು ಅದನ್ನು ಗುರುತಿಸಿ, ಸಂಬಂಧಪಟ್ಟ ಕ್ರಮವಿಧಿಯ ಸರದಿಯ ಸಾಲಿನಲ್ಲಿ ನಿಲ್ಲಿಸುತ್ತದೆ. ಕ್ರಮವಿಧಿಯು ಆ ಸಾಲಿನ ಮೊದಲ ಘಟನೆಯನ್ನು ತೆಗೆದುಕೊಂಡು, ಅದು ಯಾವ ಗುಂಡಿಗೆ ಅಥವಾ ಯಾವ ಜಾಗಕ್ಕೆ ಸೇರಿದ್ದೆಂದು ನೋಡಿ, ಅದಕ್ಕಾಗಿ ಬರೆದಿಟ್ಟ ಉತ್ತರವನ್ನು ನಡೆಸುತ್ತದೆ. ಬದಲಾದ ಭಾಗಗಳನ್ನು ತೆರೆಯ ಮೇಲೆ ಪುನಃ ಚಿತ್ರಿಸುತ್ತದೆ. ಮತ್ತೆ ಸಾಲಿನತ್ತ ತಿರುಗುತ್ತದೆ. ಸಾಲು ಖಾಲಿಯಿದ್ದರೆ ಸುಮ್ಮನೆ ಮಲಗಿರುತ್ತದೆ. ಯಂತ್ರದ ಶಕ್ತಿಯನ್ನು ವ್ಯಯ ಮಾಡುವುದಿಲ್ಲ. ಕಿಟಕಿಯನ್ನು ಮುಚ್ಚುವವರೆಗೂ ಈ ಸುತ್ತು ನಡೆಯುತ್ತಲೇ ಇರುತ್ತದೆ.

ಈ ಸುತ್ತನ್ನು ಹೊಸಬನು ತಾನೇ ಬರೆಯಬೇಕಾಗಿಲ್ಲ ಎಂಬುದು ಸಂತೋಷದ ಸಂಗತಿ. ಅದನ್ನೂ, ಗುಂಡಿ ಮೊದಲಾದ ಭಾಗಗಳನ್ನೂ ಸಿದ್ಧಪಡಿಸಿಕೊಡುವ ಸಾಧನಸಂಗ್ರಹಗಳು ಹಲವಿವೆ. ಅವುಗಳಲ್ಲಿ ಹೊಸಬರಿಗೆ ಸುಲಭವಾದುದು ‘ಟಿಕಿಂಟರ್’. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾನಿಲಯದಲ್ಲಿದ್ದ ಜಾನ್ ಔಸ್ಟರ್‌ಹೌಟ್ ಅವರು 1988ರಲ್ಲಿ ‘ಟಿಕಲ್’ ಎಂಬ ಭಾಷೆಯನ್ನು ಹೊರತಂದು, ಕಿಟಕಿಗಳ ರಚನೆಗಾಗಿ ಅದಕ್ಕೆ ‘ಟಿಕೆ’ ಎಂಬ ಸಂಗ್ರಹವನ್ನು ಜೋಡಿಸಿದರು. ಗೀಡೋ ವಾನ್ ರೋಸಮ್ ಅವರು 1991ರಲ್ಲಿ ಪ್ರಕಟಿಸಿದ ಪೈಥಾನ್ ಭಾಷೆಯಿಂದ ಆ ಸಂಗ್ರಹವನ್ನು ಬಳಸುವುದಕ್ಕೆ ಇರುವ ಸೇತುವೆಯೇ ಟಿಕಿಂಟರ್. ಪೈಥಾನ್ ಭಾಷೆಯ ಜತೆಯಲ್ಲಿಯೇ ಅದು ಬರುತ್ತದಾದುದರಿಂದ ಬೇರೆ ಖರ್ಚಿಲ್ಲ.

ಲೋಲಕದ ಕಿಟಕಿ

ನಮ್ಮ ಪ್ರಯೋಗಶಾಲೆಗಳಲ್ಲಿ ಎಲ್ಲರೂ ಮಾಡುವ ಸರಳ ಲೋಲಕದ ಪ್ರಯೋಗವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಲೋಲಕದ ಉದ್ದವನ್ನು ಗುರುತ್ವ ವೇಗೋತ್ಕರ್ಷದಿಂದ ಭಾಗಿಸಿ, ಅದರ ವರ್ಗಮೂಲವನ್ನು ತೆಗೆದು, 2 ಪೈನಿಂದ ಗುಣಿಸಿದರೆ ಒಂದು ಪೂರ್ಣ ತೂಗಿಗೆ ಹಿಡಿಯುವ ಕಾಲ ಸಿಗುತ್ತದಷ್ಟೆ. ಉದ್ದವನ್ನು ಬರೆದು ಗುಂಡಿಯನ್ನು ಒತ್ತಿದರೆ ಆ ಕಾಲವನ್ನು ತೋರಿಸುವ ಕಿಟಕಿ ನಮಗೆ ಬೇಕು.

ಕೆಲಸ ಐದು ಹಂತಗಳಲ್ಲಿ ಸಾಗುತ್ತದೆ. ಮೊದಲನೆಯದಾಗಿ, ಬರಿಯ ಕಿಟಕಿಯನ್ನು ಸೃಷ್ಟಿಸುವ ಆಜ್ಞೆ. ಎರಡನೆಯದಾಗಿ, ಅದರೊಳಗಿನ ಭಾಗಗಳ ಸೃಷ್ಟಿ: ‘ಲೋಲಕದ ಉದ್ದ, ಮೀಟರುಗಳಲ್ಲಿ’ ಎಂಬ ಬರಹದ ಪಟ್ಟಿ, ಉದ್ದವನ್ನು ತುಂಬುವ ಖಾಲಿ ಜಾಗ, ‘ಲೆಕ್ಕ ಮಾಡು’ ಎಂಬ ಗುಂಡಿ, ಉತ್ತರಕ್ಕಾಗಿ ಇನ್ನೊಂದು ಪಟ್ಟಿ. ಇವುಗಳಿಗೆ ವಿಜೆಟ್ಟುಗಳೆಂದು ಹೆಸರು. ಪ್ರತಿಯೊಂದು ವಿಜೆಟ್ಟೂ ಯಾವುದರ ಒಡಲಿನಲ್ಲಿ ಇರಬೇಕೆಂದು ಹೇಳತಕ್ಕದ್ದು. ಇಲ್ಲಿ ನಾಲ್ಕಕ್ಕೂ ಕಿಟಕಿಯೇ ತಾಯಿ. ಮೂರನೆಯದಾಗಿ, ಅವುಗಳನ್ನು ಸ್ಥಳದಲ್ಲಿ ಕೂರಿಸುವುದು. ‘ಪ್ಯಾಕ್’ ಎಂಬ ಆಜ್ಞೆ ಒಂದರ ಕೆಳಗೆ ಒಂದರಂತೆ ಪೇರಿಸುತ್ತದೆ. ‘ಗ್ರಿಡ್’ ಎಂಬುದು ಪಂಚಾಂಗದ ಕೋಷ್ಟಕದಂತೆ ಸಾಲು ಮತ್ತು ಕಂಬಗಳಲ್ಲಿ ಕೂರಿಸುತ್ತದೆ. ನಾಲ್ಕನೆಯದಾಗಿ, ಗುಂಡಿಗೂ ಅದರ ಉತ್ತರಕ್ಕೂ ಗಂಟು ಹಾಕುವುದು. ಉತ್ತರವನ್ನು ‘ಫಂಕ್ಷನ್’ ಎಂಬ ಆಜ್ಞೆಗಳ ಕಟ್ಟಿನ ರೂಪದಲ್ಲಿ ಮೊದಲೇ ಬರೆದು, ಅದಕ್ಕೊಂದು ಹೆಸರು ಕೊಟ್ಟು, ಆ ಹೆಸರನ್ನು ಗುಂಡಿಗೆ ತಿಳಿಸಬೇಕು. ಐದನೆಯದಾಗಿ, ಕಾದಿರುವ ಸುತ್ತನ್ನು ಆರಂಭಿಸುವ ‘ಮೇನ್‌ಲೂಪ್’ ಎಂಬ ಆಜ್ಞೆ. ಇಷ್ಟಾದರೆ ಕಿಟಕಿ ಸಿದ್ಧ. 1 ಎಂದು ಬರೆದು ಗುಂಡಿಯನ್ನು ಒತ್ತಿದರೆ, ಗುರುತ್ವ ವೇಗೋತ್ಕರ್ಷವನ್ನು 9.8 ಎಂದು ಇಟ್ಟುಕೊಂಡಲ್ಲಿ, 2.007 ಸೆಕೆಂಡು ಎಂಬ ಉತ್ತರ ಮೂಡುತ್ತದೆ, 0.25 ಎಂದು ಬರೆದರೆ ಅದರ ಅರ್ಧ, 1.004 ಸೆಕೆಂಡು.

ಇಲ್ಲಿ ಹೊಸಬರು ಎಡವುವ ಕಲ್ಲುಗಳು ಮುಖ್ಯವಾಗಿ ನಾಲ್ಕು. ವಿಜೆಟ್ಟನ್ನು ಸೃಷ್ಟಿಸಿ ಕೂರಿಸುವುದನ್ನು ಮರೆತರೆ ಅದು ಇದ್ದೂ ಕಾಣುವುದಿಲ್ಲ. ಗೋದಾಮಿನಲ್ಲಿರುವ ಸಾಮಾನು ಗಿರಾಕಿಗೆ ಕಾಣದಂತೆ. ಮೇನ್‌ಲೂಪ್ ಆಜ್ಞೆಯನ್ನು ಮರೆತರೆ ಕ್ರಮವಿಧಿಯು ಕೊನೆಯ ಸಾಲನ್ನು ಮುಟ್ಟಿ ಮುಗಿದುಹೋಗುತ್ತದೆ, ಅದರೊಂದಿಗೆ ಕಿಟಕಿಯೂ ಅಳಿಯುತ್ತದೆ. ಅಂಗಡಿಯ ಬಾಗಿಲನ್ನು ತೆರೆದೊಡನೆ ಮುಚ್ಚಿಕೊಂಡು ಮನೆಗೆ ಹೋದ ಹಾಗೆ.

ಮೂರನೆಯದು ಹೆಚ್ಚು ಸೂಕ್ಷ್ಮವಾದದ್ದು. ಪೈಥಾನ್ ಭಾಷೆಯಲ್ಲಿ ಫಂಕ್ಷನ್ನಿನ ಹೆಸರನ್ನು ಬರೆದು ಅದರ ಮುಂದೆ ಆವರಣ ಚಿಹ್ನೆಗಳನ್ನು ಹಾಕಿದರೆ ‘ಈ ಕೆಲಸವನ್ನು ಈಗಲೇ ಮಾಡು’ ಎಂದು ಅರ್ಥ. ಹಾಕದೆ ಬಿಟ್ಟರೆ ಅದು ಬರಿಯ ಹೆಸರು. ಗುಂಡಿಗೆ ನಾವು ಕೊಡಬೇಕಾದುದು ಬರಿಯ ಹೆಸರನ್ನು. ಆವರಣ ಚಿಹ್ನೆಗಳನ್ನೂ ಸೇರಿಸಿಬಿಟ್ಟರೆ ಗುಂಡಿಯನ್ನು ಸೃಷ್ಟಿಸುವ ಹೊತ್ತಿನಲ್ಲೇ ಲೆಕ್ಕ ನಡೆದುಹೋಗುತ್ತದೆ, ಆಮೇಲೆ ಒತ್ತಿದಾಗ ಏನೂ ಆಗುವುದಿಲ್ಲ. ಮಗನಿಗೆ ‘ತೊಂದರೆಯಾದರೆ ಈ ವೈದ್ಯರನ್ನು ಕರೆ’ ಎಂದು ವಿಳಾಸವನ್ನು ಬರೆದುಕೊಡುವುದಕ್ಕೂ, ಆ ಕ್ಷಣವೇ ವೈದ್ಯರನ್ನು ಮನೆಗೆ ಕರೆತರುವುದಕ್ಕೂ ಇರುವ ಭೇದವೇ ಇಲ್ಲಿಯೂ ಇದೆ. ಈಗ ಮಾಡುವುದು ಯಾವುದು, ಕರೆದಾಗ ಮಾಡುವುದು ಯಾವುದು ಎಂಬ ಈ ವಿವೇಚನೆ ಕಿಟಕಿಯ ಕ್ರಮವಿಧಿಯ ತಿರುಳು.

ನಾಲ್ಕನೆಯದು ಅಕ್ಷರಕ್ಕೂ ಸಂಖ್ಯೆಗೂ ಇರುವ ವ್ಯತ್ಯಾಸ. ಖಾಲಿ ಜಾಗದಲ್ಲಿ ನಾವು ಬರೆದುದು ಕ್ರಮವಿಧಿಗೆ ಅಕ್ಷರಗಳ ಸರವಾಗಿ ಮಾತ್ರ ದೊರೆಯುತ್ತದೆ. 12 ಮತ್ತು 30 ಎಂದು ಎರಡು ಜಾಗಗಳಲ್ಲಿ ಬರೆದು ಕೂಡಿಸಲು ಹೇಳಿದರೆ 42 ಬರುವುದಿಲ್ಲ. ಅಕ್ಷರಗಳು ಒಂದರ ಪಕ್ಕಕ್ಕೆ ಒಂದು ಸೇರಿ 1230 ಆಗುತ್ತದೆ. ಆದುದರಿಂದ ಮೊದಲು ಅದನ್ನು ಸಂಖ್ಯೆಯಾಗಿ ಪರಿವರ್ತಿಸಬೇಕು. ಕನ್ನಡಿಗರು ಇಲ್ಲಿ ತಿಳಿಯಬೇಕಾದ ಒಂದು ಸೊಗಸಾದ ಸಂಗತಿಯಿದೆ. ಈ ಪರಿವರ್ತನೆಯನ್ನು ಮಾಡುವ ಪೈಥಾನ್ ಆಜ್ಞೆಯು ಕನ್ನಡ ಅಂಕಿಗಳನ್ನೂ ಒಪ್ಪಿಕೊಳ್ಳುತ್ತದೆ. ೧.೫ ಎಂದು ಬರೆದರೂ ಅದಕ್ಕೆ ಒಂದೂವರೆಯೆಂದೇ ಅರ್ಥವಾಗುತ್ತದೆ. 2008ರಲ್ಲಿ ಹೊರಬಂದ ಮೂರನೆಯ ಆವೃತ್ತಿಯಿಂದೀಚೆಗೆ ‘ಉದ್ದ’, ‘ಕಾಲ’ ಎಂದು ಕನ್ನಡ ಲಿಪಿಯಲ್ಲಿಯೇ ರಾಶಿಗಳಿಗೆ ಹೆಸರಿಡುವುದಕ್ಕೂ ಆ ಭಾಷೆಯಲ್ಲಿ ಅಡ್ಡಿಯಿಲ್ಲ.

ಬಳಸುವವನು ಸಂಖ್ಯೆಗೆ ಬದಲಾಗಿ ‘ಒಂದು ಮೀಟರು’ ಎಂದು ಬರೆದರೆ? ಪರಿವರ್ತನೆ ಸಾಧ್ಯವಾಗದೆ ದೋಷ ಉಂಟಾಗುತ್ತದೆ. ಟಿಕಿಂಟರಿನಲ್ಲಿ ಉತ್ತರದ ಫಂಕ್ಷನ್ನು ಹೀಗೆ ಕೆಟ್ಟರೂ ಕಿಟಕಿ ನಿಲ್ಲುವುದಿಲ್ಲ; ದೋಷದ ವಿವರ ಹಿಂದಿರುವ ಆಜ್ಞೆಗಳ ತೆರೆಯಲ್ಲಿ ಅಚ್ಚಾಗುತ್ತದೆಯೇ ಹೊರತು ಬಳಸುವವನಿಗೆ ಏನೂ ಕಾಣುವುದಿಲ್ಲ. ಅವನ ಪಾಲಿಗೆ ಅದು ಕೆಟ್ಟುಹೋದ ಗುಂಡಿ. ಆದಕಾರಣ ದೋಷವನ್ನು ಹಿಡಿದು, ‘ದಯವಿಟ್ಟು ಉದ್ದವನ್ನು ಅಂಕಿಗಳಲ್ಲಿ ಬರೆಯಿರಿ’ ಎಂಬ ಮಾತನ್ನು ಉತ್ತರದ ಪಟ್ಟಿಯಲ್ಲಿ ತೋರಿಸುವುದು ಕರ್ತವ್ಯ. ಋಣಸಂಖ್ಯೆಯನ್ನು ಬರೆದಾಗಲೂ ಹೀಗೆಯೇ. ಅದಕ್ಕೆ ವರ್ಗಮೂಲವನ್ನು ತೆಗೆಯಲು ಬಾರದು.

ಎರಡು ಘಟನೆಗಳ ನಡುವೆ ನೆನಪು

ಗುಂಡಿಯನ್ನು ಎಷ್ಟು ಸಲ ಒತ್ತಲಾಯಿತೆಂದು ಎಣಿಸಬೇಕಾಗಿದೆ ಎನ್ನೋಣ. ಹೊಸಬನು ಎಣಿಕೆಯನ್ನು ಫಂಕ್ಷನ್ನಿನ ಒಳಗೆ ಸೊನ್ನೆಯಿಂದ ಆರಂಭಿಸಿ ಒಂದನ್ನು ಕೂಡಿಸುತ್ತಾನೆ. ಎಷ್ಟು ಸಲ ಒತ್ತಿದರೂ ಉತ್ತರ ಒಂದೇ. ಕಾರಣವಿಷ್ಟೆ: ಫಂಕ್ಷನ್ನಿನೊಳಗೆ ಹುಟ್ಟಿದ ರಾಶಿಗಳು ಅದು ಮುಗಿದೊಡನೆ ಅಳಿಯುತ್ತವೆ. ನೇರವಾದ ಕ್ರಮವಿಧಿಯಲ್ಲಿ ಎಲ್ಲವೂ ಒಂದೇ ಓಟದಲ್ಲಿ ನಡೆಯುವುದರಿಂದ ಈ ಸಮಸ್ಯೆ ಅಷ್ಟಾಗಿ ಕಾಣಿಸುವುದಿಲ್ಲ. ಇಲ್ಲಿಯಾದರೋ ಪ್ರತಿ ಘಟನೆಗೂ ಫಂಕ್ಷನ್ನು ಹೊಸದಾಗಿ ಎದ್ದು ಹೊಸದಾಗಿ ಮಲಗುತ್ತದೆ. ಉಳಿಯಬೇಕಾದ ಸಂಗತಿಯನ್ನು ಫಂಕ್ಷನ್ನಿನ ಹೊರಗೆ, ಎಲ್ಲ ಉತ್ತರಗಳೂ ನೋಡಬಹುದಾದ ಒಂದು ಜಾಗದಲ್ಲಿ ಇಡಬೇಕು. ಅಂಗಡಿಕಾರರು ಪ್ರತಿ ಗಿರಾಕಿಯ ಸಾಲವನ್ನೂ ಖಾತೆ ಪುಸ್ತಕದಲ್ಲಿ ಬರೆದಿಡುವುದು ಇದಕ್ಕಾಗಿಯೇ ಅಲ್ಲವೇ? ಖಾತೆ ಪುಸ್ತಕ ಚೊಕ್ಕವಾಗಿದ್ದಷ್ಟೂ ಕ್ರಮವಿಧಿಯೂ ಚೊಕ್ಕವಾಗಿರುತ್ತದೆ.

ಕಿಟಕಿ ಏಕೆ ಮರಗಟ್ಟುತ್ತದೆ?

ಈಗ ಎಲ್ಲಕ್ಕಿಂತ ಗಂಭೀರವಾದ ತೊಡಕಿಗೆ ಬರೋಣ. ಲೋಲಕದ ತೂಗು ಬಹಳ ದೊಡ್ಡದಾದರೆ ಮೇಲೆ ಹೇಳಿದ ಸೂತ್ರ ಸಾಲದು. ಚಲನೆಯನ್ನು ಅತಿ ಸಣ್ಣ ಹೆಜ್ಜೆಗಳಲ್ಲಿ ಲೆಕ್ಕ ಹಾಕುತ್ತ ಹೋಗಬೇಕಾಗುತ್ತದೆ. ಗುಂಡಿಯನ್ನು ಒತ್ತಿದಾಗ ಇಂಥ 1 ಕೋಟಿ ಹೆಜ್ಜೆಗಳು ನಡೆಯುವಂತೆ ಬರೆದಿದ್ದೇವೆಂದು ಭಾವಿಸೋಣ. ಪೈಥಾನ್ ಭಾಷೆಯಲ್ಲಿ ಇದಕ್ಕೆ ಹಲವು ಸೆಕೆಂಡುಗಳು ಬೇಕು. ಅಷ್ಟು ಹೊತ್ತೂ ಒತ್ತಿದ ಗುಂಡಿ ಒತ್ತಿದಂತೆಯೇ ಇರುತ್ತದೆ. ಕಿಟಕಿಯನ್ನು ಹಿಗ್ಗಿಸಿದರೆ ಒಳಗಿನ ಚಿತ್ರ ಹರಡುವುದಿಲ್ಲ. ಮುಚ್ಚುವ ಗುರುತನ್ನು ಒತ್ತಿದರೂ ಮುಚ್ಚುವುದಿಲ್ಲ. ವಿಂಡೋಸ್ ವ್ಯವಸ್ಥೆಯಲ್ಲಿ ಕಿಟಕಿಯೊಂದು 5 ಸೆಕೆಂಡುಗಳವರೆಗೆ ತನ್ನ ಸಾಲಿನತ್ತ ತಿರುಗಿ ನೋಡದಿದ್ದರೆ, ಅದು ಸ್ಪಂದಿಸುತ್ತಿಲ್ಲವೆಂದು ಆ ವ್ಯವಸ್ಥೆಯೇ ಸಾರುತ್ತದೆ.

ಕ್ರಮವಿಧಿ ಕೆಟ್ಟಿಲ್ಲ, ಅದು ನಿಷ್ಠೆಯಿಂದ ಲೆಕ್ಕ ಮಾಡುತ್ತಲೇ ಇದೆ. ಆದರೆ ಅಂಗಡಿಯಲ್ಲಿ ಇರುವವರು ಒಬ್ಬರೇ. ಒಬ್ಬ ಗಿರಾಕಿಗಾಗಿ ಅವರು ಗೋದಾಮಿಗೆ ಹೋಗಿ ಮೂಟೆಗಳನ್ನು ಎಣಿಸುತ್ತ ಕುಳಿತರೆ ಗಲ್ಲಾದ ಬಳಿ ನಿಂತವರಿಗೆ ಉತ್ತರ ಕೊಡುವವರಾರು? ಕಾದಿರುವ ಸುತ್ತು ಒಂದು ಉತ್ತರವನ್ನು ನಡೆಸುತ್ತಿರುವಾಗ ಮತ್ತೊಂದನ್ನು ನಡೆಸಲಾರದು, ಕಿಟಕಿಯನ್ನು ಚಿತ್ರಿಸಲೂ ಆರದು.

ಇದರಿಂದ ಒಂದು ವಿಚಿತ್ರ ಪರಿಣಾಮ ಉಂಟಾಗುತ್ತದೆ. ‘ಲೆಕ್ಕ ನಡೆಯುತ್ತಿದೆ, ದಯವಿಟ್ಟು ಕಾಯಿರಿ’ ಎಂಬ ಬರಹವನ್ನು ಪಟ್ಟಿಯಲ್ಲಿ ಹಾಕಿ, ಮರುಸಾಲಿನಲ್ಲಿಯೇ ಉದ್ದವಾದ ಲೆಕ್ಕವನ್ನು ಆರಂಭಿಸುವುದು ಸಹಜವಾಗಿ ತೋರುವ ಉಪಾಯ. ಆದರೆ ಆ ಬರಹ ಕಾಣಿಸುವುದೇ ಇಲ್ಲ. ಬರಹ ಬದಲಾಯಿತೆಂದು ಗುರುತು ಹಾಕಿಕೊಳ್ಳುವುದು ಒಂದು ಕೆಲಸ, ಅದನ್ನು ತೆರೆಯ ಮೇಲೆ ಚಿತ್ರಿಸುವುದು ಇನ್ನೊಂದು. ಎರಡನೆಯದು ನಡೆಯುವುದು ಸುತ್ತಿಗೆ ಮರಳಿದ ಮೇಲೆ. ಅಷ್ಟು ಹೊತ್ತಿಗೆ ಲೆಕ್ಕ ಮುಗಿದು ಉತ್ತರವೇ ಬಂದಿರುತ್ತದೆ.

ಇದು ಬರಿಯ ಅಂದಚಂದದ ಪ್ರಶ್ನೆಯಲ್ಲ. ಉತ್ತರ ಬಾರದ ಗುಂಡಿಯನ್ನು ಮನುಷ್ಯ ಮತ್ತೆ ಮತ್ತೆ ಒತ್ತುತ್ತಾನೆ. ಆ ಒತ್ತುಗಳು ಎಲ್ಲಿಯೂ ಹೋಗುವುದಿಲ್ಲ. ಬಹುಮಟ್ಟಿಗೆ ಸಾಲಿನಲ್ಲಿ ನಿಂತಿದ್ದು, ಮೊದಲ ಲೆಕ್ಕ ಮುಗಿದೊಡನೆ ಒಂದರ ಹಿಂದೆ ಒಂದು ಜಾರಿಗೆ ಬರುತ್ತವೆ. ಲೋಲಕದ ಲೆಕ್ಕ ಮೂರು ಸಲ ನಡೆದರೆ ಕಾಲ ವ್ಯರ್ಥ, ಅಷ್ಟೆ. ಆದರೆ ಆ ಗುಂಡಿ ಹಣ ಪಾವತಿ ಮಾಡುವುದಾಗಿದ್ದರೆ? ರೋಗಿಗೆ ಕೊಡಬೇಕಾದ ಔಷಧದ ದಾಖಲೆಯಾಗಿದ್ದರೆ? ಕಿಟಕಿ ಸತ್ತಿತೆಂದು ಬಗೆದು ಬಳಸುವವನು ಯಂತ್ರವನ್ನೇ ಆರಿಸಿಬಿಟ್ಟರೆ, ಅರ್ಧ ಬರೆದ ಕಡತ ಹಾಳಾಗಬಹುದು. ಕ್ರಮವಿಧಿಯನ್ನು ಬರೆದವನ ಅಜಾಗರೂಕತೆಗೆ ದಂಡ ತೆರುವವನು ತೆರೆಯ ಮುಂದೆ ಕುಳಿತ ಅಮಾಯಕ.

ಮನುಷ್ಯನ ತಾಳ್ಮೆಗೆ ಮಿತಿಯೆಷ್ಟು ಎಂಬುದನ್ನು 1968ರಲ್ಲಿಯೇ ರಾಬರ್ಟ್ ಮಿಲ್ಲರ್ ಅವರು ವಿವೇಚಿಸಿದ್ದರು. 1993ರಲ್ಲಿ ಯಾಕೋಬ್ ನೀಲ್ಸನ್ ಅವರು ಅದನ್ನು ಮೂರು ಅಂಕಿಗಳಲ್ಲಿ ಸಂಗ್ರಹಿಸಿದರು. ಉತ್ತರ 0.1 ಸೆಕೆಂಡಿನೊಳಗೆ ಬಂದರೆ ಅದು ಒಡನೆಯೇ ಬಂದಂತೆ ತೋರುತ್ತದೆ. 1 ಸೆಕೆಂಡಿನವರೆಗೆ ತಡವಾದುದು ತಿಳಿದರೂ ವಿಚಾರಧಾರೆ ಕಡಿಯುವುದಿಲ್ಲ. 10 ಸೆಕೆಂಡು ಮೀರಿದರೆ ಗಮನ ಬೇರೆಡೆಗೆ ಹರಿಯುತ್ತದೆ. ಪ್ರತಿಯೊಂದು ಉತ್ತರವೂ ಈ 0.1 ಸೆಕೆಂಡಿನೊಳಗೆ ಮುಗಿದು ಸುತ್ತಿಗೆ ಮರಳಬೇಕೆಂಬುದನ್ನು ಹೊಸಬನು ನಿಯಮವಾಗಿ ಇಟ್ಟುಕೊಳ್ಳಬಹುದು.

ಪರಿಹಾರಗಳು

ಹಾಗಾದರೆ ಉದ್ದವಾದ ಕೆಲಸವನ್ನು ಮಾಡುವುದು ಹೇಗೆ? ಎರಡು ಮಾರ್ಗಗಳಿವೆ.

ಮೊದಲನೆಯದು ಕೆಲಸವನ್ನು ತುಂಡು ಮಾಡುವುದು. ಟಿಕಿಂಟರಿನಲ್ಲಿ ‘ಆಫ್ಟರ್’ ಎಂಬ ಆಜ್ಞೆಯಿದೆ. ‘ಇಷ್ಟು ಮಿಲಿಸೆಕೆಂಡು ಕಳೆದ ಮೇಲೆ ಈ ಫಂಕ್ಷನ್ನನ್ನು ಕರೆ’ ಎಂದು ಸುತ್ತಿಗೆ ತಿಳಿಸಿ ಅದು ಆ ಕ್ಷಣವೇ ಹಿಂದಿರುಗುತ್ತದೆ. ನಮ್ಮ 1 ಕೋಟಿ ಹೆಜ್ಜೆಗಳಲ್ಲಿ 10,000 ಹೆಜ್ಜೆಗಳನ್ನು ನಡೆದು, ಎಲ್ಲಿಯವರೆಗೆ ಬಂದೆವೆಂದು ಖಾತೆ ಪುಸ್ತಕದಲ್ಲಿ ಬರೆದು, ‘1 ಮಿಲಿಸೆಕೆಂಡಿನ ಮೇಲೆ ಮತ್ತೆ ಕರೆ’ ಎಂದು ಹೇಳಿ ಸುತ್ತಿಗೆ ಮರಳುವುದು. ಹೀಗೆ 1,000 ಕಂತುಗಳಲ್ಲಿ ಲೆಕ್ಕ ಮುಗಿಯುತ್ತದೆ. ಕಂತು ಕಂತುಗಳ ನಡುವೆ ಬೇರೆ ಗಿರಾಕಿಗಳಿಗೆ ಉತ್ತರ ಸಿಗುತ್ತದೆ, ಕಿಟಕಿ ಹಿಗ್ಗುತ್ತದೆ, ‘ನಿಲ್ಲಿಸು’ ಎಂಬ ಗುಂಡಿಯನ್ನು ಇಟ್ಟರೆ ಅದೂ ಕೆಲಸ ಮಾಡುತ್ತದೆ, ಎಷ್ಟು ಭಾಗ ಮುಗಿಯಿತೆಂದು ತೋರಿಸಲೂ ಬಹುದು. ಮೊದಲ ಕಂತನ್ನು ಆರಂಭಿಸುವಾಗಲೇ ‘ಲೆಕ್ಕ ಮಾಡು’ ಗುಂಡಿಯನ್ನು ನಿಷ್ಕ್ರಿಯಗೊಳಿಸಿ ಕೊನೆಯ ಕಂತಿನಲ್ಲಿ ಪುನಃ ಸಕ್ರಿಯಗೊಳಿಸಿದರೆ ಪದೇ ಪದೇ ಒತ್ತುವ ಅಪಾಯವೂ ನಿವಾರಣೆಯಾಗುತ್ತದೆ.

ಎರಡನೆಯದು ಸಹಾಯಕನನ್ನು ಇಟ್ಟುಕೊಳ್ಳುವುದು. ಕ್ರಮವಿಧಿಯೊಳಗೆ ‘ಥ್ರೆಡ್’ ಎಂಬ ಇನ್ನೊಂದು ಕಾರ್ಯಧಾರೆಯನ್ನು ಆರಂಭಿಸಿ ಉದ್ದವಾದ ಕೆಲಸವನ್ನು ಅದಕ್ಕೆ ಒಪ್ಪಿಸಬಹುದು. ದೂರದ ಗಣಕದಿಂದ ಉತ್ತರ ಬರುವವರೆಗೆ ಕಾಯಬೇಕಾದ ಕೆಲಸಗಳಿಗೆ ಇದೇ ಯೋಗ್ಯವಾದ ಮಾರ್ಗ. ಆದರೆ ಒಂದು ಕಟ್ಟುಪಾಡನ್ನು ಪಾಲಿಸಬೇಕು. ಸಹಾಯಕನು ಕಿಟಕಿಯ ವಿಜೆಟ್ಟುಗಳನ್ನು ತಾನಾಗಿ ಮುಟ್ಟಬಾರದು. ಗೋದಾಮಿನ ಹುಡುಗ ಎಣಿಕೆಯನ್ನು ಮುಗಿಸಿ, ಫಲವನ್ನು ಚೀಟಿಯಲ್ಲಿ ಬರೆದು ಡಬ್ಬಿಯಲ್ಲಿ ಹಾಕಬೇಕು. ಯಜಮಾನರು ಆಗಾಗ ಡಬ್ಬಿಯನ್ನು ನೋಡಿ ಲೆಕ್ಕದಲ್ಲಿ ಸೇರಿಸಿಕೊಳ್ಳಬೇಕು. ಇಬ್ಬರೂ ಒಂದೇ ಗಲ್ಲಾಕ್ಕೆ ಕೈ ಹಾಕಿದರೆ ಲೆಕ್ಕ ಏರುಪೇರಾಗುವುದು ನಿಶ್ಚಯ. ಡಬ್ಬಿಯ ಕೆಲಸಕ್ಕೆ ಪೈಥಾನ್ ಭಾಷೆಯಲ್ಲಿ ‘ಕ್ಯೂ’ ಎಂಬ ಏರ್ಪಾಡಿದೆ. ಆಗಾಗ ನೋಡುವ ಕೆಲಸಕ್ಕೆ ಮೇಲೆ ಹೇಳಿದ ‘ಆಫ್ಟರ್’ ಇದೆ.

ತೂಗುವ ಲೋಲಕ

ಇದೇ ತತ್ತ್ವದಿಂದ ಲೋಲಕವನ್ನು ತೆರೆಯ ಮೇಲೆ ತೂಗಿಸಲೂ ಬಹುದು. ‘ಕ್ಯಾನ್ವಾಸ್’ ಎಂಬ ವಿಜೆಟ್ಟಿನ ಮೇಲೆ ಗೆರೆ, ವೃತ್ತಗಳನ್ನು ಬರೆಯಬಹುದು. ಅಲ್ಲಿ ಮೂಲಬಿಂದು ಎಡಗಡೆಯ ಮೇಲ್ಮೂಲೆಯಲ್ಲಿದೆ. ನಿಲುವಿನ ಅಳತೆ ಮೇಲಕ್ಕಲ್ಲ, ಕೆಳಕ್ಕೆ ಹೆಚ್ಚುತ್ತದೆ. ಗಣಿತದ ನಕ್ಷೆಗಳಿಗೆ ಇದು ವಿರುದ್ಧವಾದರೂ ಕೆಳಕ್ಕೆ ತೂಗುವ ಲೋಲಕಕ್ಕೆ ಅನುಕೂಲವೇ ಆಗಿದೆ. ಕೋನದ ಸೈನನ್ನು ಉದ್ದದಿಂದ ಗುಣಿಸಿದರೆ ಅಡ್ಡಳತೆ, ಕೊಸೈನನ್ನು ಗುಣಿಸಿದರೆ ನಿಲುವಳತೆ.

ಹೊಸಬನು ಇಲ್ಲಿ ‘ಒಂದು ಚಿತ್ರ ಬರೆ, ಸ್ವಲ್ಪ ಹೊತ್ತು ನಿದ್ರಿಸು, ಮತ್ತೊಂದು ಬರೆ’ ಎಂಬ ನೇರವಾದ ಕ್ರಮಕ್ಕೆ ಕೈ ಹಾಕುತ್ತಾನೆ. ನಿದ್ರಿಸುವವನು ಯಜಮಾನನೇ ಆದುದರಿಂದ ಕಿಟಕಿಯೂ ನಿದ್ರಿಸುತ್ತದೆ. ಸರಿಯಾದ ಕ್ರಮವೆಂದರೆ ಒಂದು ಚಿತ್ರವನ್ನು ತಿದ್ದಿ, ‘20 ಮಿಲಿಸೆಕೆಂಡಿನ ಮೇಲೆ ಕರೆ’ ಎಂದು ಹೇಳಿ ಸುತ್ತಿಗೆ ಮರಳುವುದು. ಹೀಗೆ ಸೆಕೆಂಡಿಗೆ ಸುಮಾರು 50 ಚಿತ್ರಗಳಾಗುತ್ತವೆ; ಒಂದು ಮೀಟರಿನ ಲೋಲಕದ ಒಂದು ತೂಗಿಗೆ ಸುಮಾರು 100. ಕಣ್ಣಿಗೆ ಅದು ಅವಿಚ್ಛಿನ್ನವಾದ ಚಲನೆಯಾಗಿ ಕಾಣುತ್ತದೆ.

ಇಲ್ಲಿ ಭೌತಶಾಸ್ತ್ರದ ವಿದ್ಯಾರ್ಥಿ ಒಂದು ಎಚ್ಚರವನ್ನು ವಹಿಸಬೇಕು. 20 ಮಿಲಿಸೆಕೆಂಡಿನ ಮೇಲೆ ಎಂದರೆ ಅದಕ್ಕೆ ಮೊದಲಲ್ಲ ಎಂದಷ್ಟೇ ಅರ್ಥ. ಸಾಲಿನಲ್ಲಿ ಬೇರೆ ಘಟನೆಗಳಿದ್ದರೆ 22 ಆಗಬಹುದು, 30ಕ್ಕೂ ಏರಬಹುದು. ಕರೆಗಳನ್ನು ಎಣಿಸಿ 20ರಿಂದ ಗುಣಿಸಿ ಕಾಲವನ್ನು ಅಳೆದರೆ ಈ ಸಣ್ಣ ತಪ್ಪುಗಳು ಕೂಡುತ್ತ ಹೋಗಿ ಲೋಲಕ ನಿಜವಾದುದಕ್ಕಿಂತ ನಿಧಾನವಾಗಿ ತೂಗುತ್ತದೆ. ಪ್ರತಿ ಸಲವೂ ಗಣಕದ ಗಡಿಯಾರವನ್ನೇ ನೋಡಿ ಕಳೆದ ಕಾಲವನ್ನು ತಿಳಿದು, ಅದರಿಂದ ಕೋನವನ್ನು ಲೆಕ್ಕ ಹಾಕಿದರೆ ತಪ್ಪು ಕೂಡುವುದಿಲ್ಲ. ಪ್ರಯೋಗಶಾಲೆಯಲ್ಲಿ ಒಂದು ಮೀಟರಿನ ದಾರಕ್ಕೆ ಗುಂಡನ್ನು ಕಟ್ಟಿ ಗಣಕದ ಪಕ್ಕದಲ್ಲಿ ತೂಗಿಬಿಟ್ಟು, ಎರಡೂ ಜತೆಯಾಗಿ ತೂಗುತ್ತವೆಯೇ ಎಂದು ಪರೀಕ್ಷಿಸುವುದು ವಿದ್ಯಾರ್ಥಿಗಳಿಗೆ ಒಳ್ಳೆಯ ವಿನೋದ, ಒಳ್ಳೆಯ ಪಾಠ.

ಉಪಸಂಹಾರ

ನಾವು ಟಿಕಿಂಟರನ್ನು ಉದಾಹರಣೆಗಾಗಿ ತೆಗೆದುಕೊಂಡೆವು. ಕ್ಯೂಟಿ, ಜಿಟಿಕೆ ಮುಂತಾದ ಬೇರೆ ಸಂಗ್ರಹಗಳಲ್ಲಿ ಆಜ್ಞೆಗಳ ಹೆಸರು ಬೇರೆ, ರೂಪ ಬೇರೆ. ಆದರೆ ಘಟನೆ, ಉತ್ತರ, ಕಾದಿರುವ ಸುತ್ತು ಇವು ಅಲ್ಲಿಯೂ ಇವೆ. ಕೈಯಲ್ಲಿ ಹಿಡಿಯುವ ಫೋನಿನ ಕ್ರಮವಿಧಿಗಳೂ ಇದೇ ತತ್ತ್ವವನ್ನು ಅನುಸರಿಸುತ್ತವೆ. ಆದುದರಿಂದ ಒಂದು ಕಡೆ ಕಲಿತ ವಿವೇಕ ಎಲ್ಲೆಡೆಯೂ ಸಲ್ಲುತ್ತದೆ.

ಕಲಿಯಬೇಕೆಂಬ ಮನಸ್ಸುಳ್ಳ ವಾಚಕರು ಮೊದಲು ಲೋಲಕದ ಕಿಟಕಿಯನ್ನು ರಚಿಸಿ, ಅದರ ಬರಹಗಳನ್ನೆಲ್ಲ ಕನ್ನಡದಲ್ಲಿಯೇ ಇಟ್ಟು, ಗಣಕದ ಪರಿಚಯವಿಲ್ಲದ ಮನೆಯವರೊಬ್ಬರ ಮುಂದೆ ತೆರೆದಿಡಲಿ. ಅವರು ಎಲ್ಲಿ ಒತ್ತುತ್ತಾರೆ, ಏನನ್ನು ಬರೆಯುತ್ತಾರೆ, ಎಲ್ಲಿ ಕೈ ತಡೆಯುತ್ತಾರೆ ಎಂಬುದನ್ನು ಬಾಯಿ ತೆರೆಯದೆ ಗಮನಿಸಲಿ. ನಾವು ಯೋಚಿಸಿದ ಕ್ರಮದಲ್ಲಿ ಅವರು ನಡೆದುಕೊಳ್ಳುವುದು ಅಪೂರ್ವ. ಹಾಗೆ ನಡೆಯದಿದ್ದಾಗಲೂ ಕಿಟಕಿ ಕೆಡದೆ, ಮರಗಟ್ಟದೆ, ತಕ್ಕ ಉತ್ತರವನ್ನು ಕೊಟ್ಟರೆ ರಚನೆ ಸಫಲವಾಯಿತೆಂದು ತಿಳಿಯಬಹುದು.